ಕಾಲಂ ತೆಗೆಯುವ ಕಲೆ

ಉದ್ಯೋಗದಲ್ಲಿ ತಾರತಮ್ಯ ಮಾಡಬಾರದೆಂಬ ಕಾನೂನುಗಳು ನಮ್ಮ ದೇಶದಲ್ಲಿ ಹೇಗೆ ಬೆಳೆದವು ಎಂಬುದನ್ನು ವಕೀಲರು ಬರೆದಿದ್ದಾರೆ, ಪ್ರೊಫೆಸರುಗಳು ಬರೆದಿದ್ದಾರೆ, ನಿವೃತ್ತ ನ್ಯಾಯಮೂರ್ತಿಗಳು ಭಾಷಣ ಮಾಡಿದ್ದಾರೆ. ಆ ಕಾನೂನುಗಳು ಬೇಕಾಗುವಂತೆ ಮಾಡಿದ ನಾವು ಮಾತ್ರ ಈವರೆಗೆ ಬಾಯಿ ಬಿಟ್ಟಿಲ್ಲ. ಬೀಗದ ಚರಿತ್ರೆ ಬರೆಯುವವರು ಕಳ್ಳರನ್ನು ನೆನೆಯುವುದಿಲ್ಲ, ಲೋಕರೂಢಿ, ಬೇಸರವಿಲ್ಲ. ಆದರೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಪರ್ಸನಲ್ ಮ್ಯಾನೇಜರನಾಗಿದ್ದು, ಕೊನೆಯ ಹತ್ತು ವರ್ಷ ಅದೇ ಕುರ್ಚಿಯಲ್ಲಿ ಎಚ್‌ಆರ್ ಎಂದು ಕರೆಸಿಕೊಂಡು ನಿವೃತ್ತನಾದ ನಾನು ಈ ಶಾಸ್ತ್ರವನ್ನು ಮುಂದಿನವರಿಗೆ ದಾಟಿಸದೆ ಹೋದರೆ ವಿದ್ಯೆ ಬಚ್ಚಿಟ್ಟ ಪಾಪ ತಟ್ಟೀತು.

ಕಾನೂನಿಗೂ ನಮಗೂ ವೈರವಿದೆ ಎಂದು ಜನ ತಿಳಿದಿದ್ದಾರೆ. ತಪ್ಪು. ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆಯನ್ನೇ ನೋಡಿ. ಕೆಲಸ ಕೊಡುವಾಗ ಬಣ್ಣ, ಧರ್ಮ ನೋಡಬಾರದು ಎನ್ನುತ್ತಿದ್ದ ಮಸೂದೆಗೆ ‘ಲಿಂಗ’ ಎಂಬ ಪದವನ್ನೂ ಸೇರಿಸಿ ಎಂದು ತಿದ್ದುಪಡಿ ತಂದವನು ವರ್ಜೀನಿಯಾದ ಹೊವರ್ಡ್ ಸ್ಮಿತ್. ಕಪ್ಪು ಜನರಿಗೆ ಸಮಾನ ಹಕ್ಕು ಕೊಡುವುದನ್ನು ಕಡೇತನಕ ವಿರೋಧಿಸಿದ ಪುಣ್ಯಾತ್ಮ. ಹೆಂಗಸರ ಹೆಸರು ಎತ್ತಿದರೆ ಇಡೀ ಮಸೂದೆಯೇ ಮಗುಚಿಕೊಳ್ಳುತ್ತದೆಂದು ಅವನ ಲೆಕ್ಕವಾಗಿತ್ತು ಎಂದು ಬಹಳ ಜನ ಹೇಳುತ್ತಾರೆ. ಸಭೆಯಲ್ಲಿ ನಗೆ ಎದ್ದಿತು. ಮಸೂದೆ ಪಾಸಾಯಿತು, ಪದವೂ ಉಳಿಯಿತು. ಆ ದೇಶದ ಕೋಟ್ಯಂತರ ಹೆಂಗಸರ ಹಕ್ಕು ನಿಂತಿರುವುದು ನಮ್ಮವನೊಬ್ಬನ ಕೈತಪ್ಪಿನ ಮೇಲೆ. ನನ್ನ ಮೇಜಿನ ಹಿಂದಿನ ಗೋಡೆಗೆ ಅವನ ಫೋಟೋ ಹಾಕಬೇಕೆಂದಿದ್ದೆ. ಗೋಡೆ ಗಡಿಯಾರಕ್ಕೆ ಜಾಗ ಬೇಕೆಂದು ಎಂ.ಡಿ. ಬೇಡವೆಂದರು.

ಎರಡನೆಯದಾಗಿ, ನಾವು ಯಾರಿಗೂ ಕೇಡು ಬಯಸಿದವರಲ್ಲ. ಭೇದ ಮಾಡುವುದು ಯಾವತ್ತೂ ಮಾಡಿಸಿಕೊಳ್ಳುವವರ ಒಳ್ಳೆಯದಕ್ಕೇ. ಶಾಸ್ತ್ರದಲ್ಲಿ ಇದಕ್ಕೆ ‘ಕಾಳಜಿ’ ಎಂದು ಹೆಸರು.

ಕಾಳಜಿಯ ಮೊದಲ ದೊಡ್ಡ ಪ್ರಯೋಗ ಸರ್ಕಾರದ್ದೇ. 1950ರ ಸಂವಿಧಾನ ತನ್ನ 16ನೇ ವಿಧಿಯಲ್ಲಿ ಸರ್ಕಾರಿ ಉದ್ಯೋಗದ ಮಟ್ಟಿಗೆ ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ಯಾವುದನ್ನೂ ನೋಡಕೂಡದು ಎಂದಿತು. ‘ಸರ್ಕಾರಿ’ ಎಂಬ ಪದ ಓದಿ ನಮ್ಮ ಖಾಸಗಿಯವರು ನೆಮ್ಮದಿಯಿಂದ ಕಾಫಿ ಕುಡಿದರು. ಅದೇ ಸರ್ಕಾರ 1961ರಲ್ಲಿ ವಿದೇಶಾಂಗ ಸೇವೆಗೆ ನಿಯಮ ಮಾಡಿತು. ಸೇವೆಯಲ್ಲಿರುವ ಹೆಣ್ಣುಮಗಳು ಮದುವೆಯಾಗುವ ಮುಂಚೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಮದುವೆಯಾದ ಮೇಲೆ ಅವಳ ಸಂಸಾರದ ಜವಾಬ್ದಾರಿ ಕೆಲಸದ ದಕ್ಷತೆಗೆ ಅಡ್ಡಬರುತ್ತದೆ ಎಂದು ಸರ್ಕಾರಕ್ಕೆ ಮನವರಿಕೆಯಾದರೆ ರಾಜೀನಾಮೆ ಕೇಳಬಹುದು. ಇನ್ನು ಮದುವೆಯಾಗಿರುವವಳಿಗೆ ಈ ಸೇವೆಗೆ ನೇಮಕವಾಗುವುದು ಹಕ್ಕೇ ಅಲ್ಲ. ವರನ ಕಡೆಯವರು, ವಧುವಿನ ಕಡೆಯವರು, ಮೂರನೆಯದಾಗಿ ಭಾರತ ಸರ್ಕಾರ. ಗಂಡಸು ಮದುವೆಯಾದರೆ ಮಾತ್ರ ಅವನಿಗೆ ಅಡುಗೆ ಮಾಡುವವರು ಸಿಕ್ಕಂತಾಗಿ ದಕ್ಷತೆ ಹೆಚ್ಚುತ್ತದೆ; ಆದ್ದರಿಂದ ಅವನಿಗೆ ಅನುಮತಿ ಬೇಕಿಲ್ಲ.

ಇಷ್ಟು ಅಂದವಾದ ನಿಯಮವನ್ನು ಹಾಳು ಮಾಡಿದವರು, ಹೇಳಲು ಸಂಕೋಚವಾಗುತ್ತದೆ, ನಮ್ಮ ಕೊಡಗಿನವರೇ. ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ. 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಹೆಂಗಸರಿಗೆ ಇದು ಒಗ್ಗುವುದಿಲ್ಲ, ಬೇರೆ ಸೇವೆ ನೋಡಿಕೊಳ್ಳಿ ಎಂದು ಸಂದರ್ಶನದಲ್ಲಿ ಕಾಳಜಿಯಿಂದಲೇ ಹೇಳಿ ನೋಡಿದರು. ಕೇಳಲಿಲ್ಲ. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಬರೆಸಿಕೊಂಡರು, ಬರೆದುಕೊಟ್ಟರು. ಮುಂದೆ ಹಂಗೇರಿಗೆ ರಾಯಭಾರಿಯೂ ಆದರು. ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಬಡ್ತಿ ತಪ್ಪಿಸಿದ್ದಾರೆಂದು ಸುಪ್ರೀಂ ಕೋರ್ಟಿಗೆ ಹೋದರು. ಅಷ್ಟರಲ್ಲಿ ಸರ್ಕಾರ ಗಡಿಬಿಡಿಯಲ್ಲಿ ಬಡ್ತಿ ಕೊಟ್ಟು, ಆ ನಿಯಮಗಳನ್ನೂ ತೆಗೆಯುತ್ತಿದ್ದೇವೆ ಸ್ವಾಮಿ ಎಂದು ಹೇಳಿಕೊಂಡಿತು. ಪ್ರಕರಣ ವಜಾ ಆಯಿತು. ನಾವು ನಿಟ್ಟುಸಿರು ಬಿಡುವಷ್ಟರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು, ವಜಾ ಮಾಡುವ ತೀರ್ಪಿನಲ್ಲೇ, ಮದುವೆಯಾದ ಗಂಡಸಿಗೆ ಇಲ್ಲದ ಅಡ್ಡಿ ಹೆಂಗಸಿಗೇಕೆ ಎಂದು ಸರ್ಕಾರದ ಚರ್ಮ ಸುಲಿದಿಟ್ಟರು. ಅದು 1979. ಗೆದ್ದವರು ಬೈಸಿಕೊಂಡು, ಸೋತವರು ಬಡ್ತಿ ಪಡೆದ ಆ ಪ್ರಕರಣವನ್ನು ನಮ್ಮ ವೃತ್ತಿಯಲ್ಲಿ ಇಂದಿಗೂ ಮೆಲುದನಿಯಲ್ಲಿ ಪ್ರಸ್ತಾಪಿಸುತ್ತೇವೆ.

‘ದಕ್ಷತೆ’ ಎಂಬ ಪದವನ್ನು ಮಾತ್ರ ಕೈಬಿಡಬೇಡಿ ಎಂದು ಕಿರಿಯರಿಗೆ ಹೇಳುತ್ತೇನೆ. ಅದು ಮೈಸೂರಿನಲ್ಲಿ ನೂರು ವರ್ಷದಿಂದ ಬಾಳಿಕೆ ಬಂದಿರುವ ಮಾಲು. ಸರ್ಕಾರಿ ಕಚೇರಿಗಳೆಲ್ಲ ಒಂದೇ ಸಮುದಾಯದವರಿಂದ ತುಂಬಿವೆ ಎಂದು ದೂರು ಎದ್ದು, 1918ರಲ್ಲಿ ನಾಲ್ವಡಿಯವರು ಲೆಸ್ಲಿ ಮಿಲ್ಲರ್ ನೇತೃತ್ವದ ಸಮಿತಿ ನೇಮಿಸಿದಾಗ, ಹುದ್ದೆಗಳನ್ನು ಎಲ್ಲ ಸಮುದಾಯಗಳಿಗೂ ಹಂಚಿದರೆ ಆಡಳಿತದ ದಕ್ಷತೆ ಏನಾಗಬೇಕು ಎಂಬ ಪ್ರಶ್ನೆ ಎದ್ದೇ ಎದ್ದಿತು. ದಿವಾನ್ ವಿಶ್ವೇಶ್ವರಯ್ಯನವರಿಗೂ ಈ ವಿಷಯದಲ್ಲಿ ಮಹಾರಾಜರಿಗೂ ಹೊಂದಲಿಲ್ಲ; ಆ ವರ್ಷವೇ ಅವರು ದಿವಾನಗಿರಿ ಬಿಟ್ಟರು. ಕನ್ನಂಬಾಡಿ ಕಟ್ಟಿದವರು ಹೇಳಿದ ಪದ ಎಂದ ಮೇಲೆ ಅದಕ್ಕೊಂದು ತೂಕ. ನಾನಂತೂ ಅದನ್ನು ಕ್ಯಾಂಟೀನಿನ ಹುಡುಗನನ್ನು ಆರಿಸುವಾಗಲೂ ಬಳಸಿದ್ದೇನೆ.

ಇನ್ನು ಹೆಸರಿಡುವ ವಿದ್ಯೆ. ಒಂದೇ ಕೆಲಸ ಮಾಡುವ ಇಬ್ಬರಿಗೆ ಎರಡು ಹೆಸರಿಟ್ಟರೆ ಅವರು ಸಮಾನರಾಗುವುದು ನಿಂತುಹೋಗುತ್ತದೆ. ಏರ್ ಇಂಡಿಯಾದಲ್ಲಿ ಆಗೆಲ್ಲ ವಿಮಾನದೊಳಗೆ ಟ್ರೇ ಹಿಡಿದವನು ಗಂಡಸಾದರೆ ಅಸಿಸ್ಟೆಂಟ್ ಫ್ಲೈಟ್ ಪರ್ಸರ್, 58 ವರ್ಷದ ತನಕ ಕೆಲಸ. ಹೆಂಗಸಾದರೆ ಏರ್ ಹೋಸ್ಟೆಸ್. 35ಕ್ಕೆ ಮನೆಗೆ, ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಆಗಲೇ ಮನೆಗೆ, ಮೊದಲ ಸಲ ಬಸುರಾದರೆ ತಕ್ಷಣ ಮನೆಗೆ. 35ರ ಆಚೆ ಮುಂದುವರಿಸುವುದು ಮ್ಯಾನೇಜಿಂಗ್ ಡೈರೆಕ್ಟರರ ಮರ್ಜಿ. 1981ರಲ್ಲಿ ಸುಪ್ರೀಂ ಕೋರ್ಟು ಬಸುರಿನ ಷರತ್ತನ್ನು ಭಾರತೀಯ ಹೆಣ್ತನಕ್ಕೇ ಅವಮಾನ ಎಂದು ಕಿತ್ತುಹಾಕಿತು, ಮರ್ಜಿಯನ್ನೂ ಕಿತ್ತುಹಾಕಿತು. ಆದರೆ ಕೇಡರ್ ಬೇರೆ, ಹೆಸರು ಬೇರೆ, ಹಾಗಾಗಿ ನಿವೃತ್ತಿ ವಯಸ್ಸು ಬೇರೆಯಿದ್ದರೆ ತಪ್ಪಿಲ್ಲ ಎಂದಿತು. ನಾಲ್ಕು ವರ್ಷ ಮದುವೆಯಾಗಬಾರದೆಂಬುದನ್ನೂ ಉಳಿಸಿತು. ಹುಡುಗಿಯ ಆರೋಗ್ಯಕ್ಕೆ, ಕುಟುಂಬ ಯೋಜನೆಗೆ ಒಳ್ಳೆಯದಂತೆ. ಕಾಳಜಿ! ಉಚ್ಚ ಪೀಠದಿಂದಲೇ! ಆ ತೀರ್ಪಿನ ಆ ಪುಟಗಳನ್ನು ನಾನು ಲ್ಯಾಮಿನೇಟ್ ಮಾಡಿಸಿಟ್ಟಿದ್ದೆ.

ಈ ವಿದ್ಯೆಗೆ ಪೆಟ್ಟು ಬಿದ್ದದ್ದು ನಾನು ಕೆಲಸಕ್ಕೆ ಸೇರಿದ 1987ರಲ್ಲೇ. 1976ರ ಸಮಾನ ವೇತನ ಕಾಯ್ದೆ ಒಂದೇ ಬಗೆಯ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ಸಂಬಳ ಎಂದಿತ್ತು. ಮುಂಬಯಿಯ ಮೆಕಿನನ್ ಮೆಕೆಂಜಿ ಕಂಪನಿಯವರು ಗಂಡು ಸ್ಟೆನೋಗಳಿಗೆ ಹೆಚ್ಚು, ಹೆಣ್ಣು ಸ್ಟೆನೋಗಳಿಗೆ ಕಡಿಮೆ ಕೊಡುತ್ತಿದ್ದರು. ಹೆಂಗಸರ ಹುದ್ದೆಯ ಹೆಸರೇ ಕಾನ್ಫಿಡೆನ್ಷಿಯಲ್ ಲೇಡಿ ಸ್ಟೆನೋಗ್ರಾಫರ್. ಕಂಪನಿಯ ವಾದ ಕೇಳಿದರೆ ರೋಮಾಂಚನವಾಗುತ್ತದೆ: ಈ ಹುದ್ದೆಯಲ್ಲಿ ಗಂಡಸರೇ ಇಲ್ಲ, ಇಲ್ಲದ ಗಂಡಸರ ಜೊತೆ ಹೋಲಿಸುವುದು ಹೇಗೆ? ಅದೂ ಸಾಲದೆ, ಸಮಾನವಾಗಿ ಕೊಡಲು ನಮ್ಮ ಹತ್ತಿರ ದುಡ್ಡಿಲ್ಲ. ತೀರ್ಪು ಬರೆದವರು ಪಾಂಡವಪುರದ ಕಡೆಯ ನಮ್ಮ ಇ.ಎಸ್. ವೆಂಕಟರಾಮಯ್ಯನವರು. ಆ ಹುದ್ದೆಯಲ್ಲಿ ಹೆಂಗಸರೇ ಇದ್ದಾರೆಂದರೆ ಅಲ್ಲಿ ಕೂರಿಸಿದವರು ನೀವೇ ತಾನೆ ಎಂಬ ಅರ್ಥದ ಮಾತು ಹೇಳಿ, ದುಡ್ಡಿಲ್ಲವೆಂಬುದು ಈ ಕಾಯ್ದೆಯಲ್ಲಿ ನೆಪವಾಗದು ಎಂದರು. ಮಂಡ್ಯದವರಿಗೆ ಕಬ್ಬಿನ ಲೆಕ್ಕದಲ್ಲಿ ಮೋಸ ಹೋಗಿ ಅಭ್ಯಾಸ. ಸಕ್ಕರೆ ಕಾರ್ಖಾನೆಯ ತಕ್ಕಡಿ ನೋಡಿ ಬೆಳೆದವರ ಮುಂದೆ ಹೆಸರಿನ ಆಟ ನಡೆಯದು ಎಂಬುದನ್ನು ಕಂಪನಿ ಮೊದಲೇ ಊಹಿಸಬೇಕಿತ್ತು.

ನನ್ನ ಜೀವನದ ದಿಕ್ಕು ಬದಲಿಸಿದ್ದು ಮಾತ್ರ 1991ರ ತೀರ್ಪು. ಜೀವ ವಿಮಾ ನಿಗಮದ ಅರ್ಜಿ ಫಾರಮ್ಮು ಅದಕ್ಕೆ ಕಾರಣ. ಮದುವೆಯಾಗಿರುವ ಹೆಂಗಸರು ತುಂಬಬೇಕಾದ ಭಾಗದಲ್ಲಿ ಗಂಡನ ಹೆಸರು, ಮಕ್ಕಳೆಷ್ಟು ಎಂಬುದರ ಜೊತೆಗೆ ಮುಟ್ಟು ಸರಿಯಾಗಿ ಆಗುತ್ತದೆಯೇ, ನೋವಿದೆಯೇ, ಕಡೆಯ ಸಲ ಆದ ತಾರೀಖು ಯಾವುದು, ಎಷ್ಟು ಸಲ ಬಸುರಾಗಿದ್ದೀರಿ ಎಂಬ ಕಾಲಂಗಳಿದ್ದವು. ಪಾಲಿಸಿ ಮಾರುವ ಸಂಸ್ಥೆ. ಒಂದು ಕಾಲಂ ಹೆಚ್ಚು ಕೇಳುವುದು ಅದರ ರಕ್ತದಲ್ಲೇ ಇದೆ. ಪ್ರೊಬೇಷನ್ನಿನಲ್ಲಿದ್ದ ತರುಣಿಯೊಬ್ಬಳು ಹೆರಿಗೆ ರಜೆಗೆ ಹೋದಳು. ತಾರೀಖು ತಪ್ಪು ಬರೆದಿದ್ದಾಳೆ ಎಂದು ಕೆಲಸದಿಂದ ತೆಗೆದರು. ಸುಪ್ರೀಂ ಕೋರ್ಟು ಅವಳನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ ಎಂದಿತು. ಮಾನವುಳ್ಳ ಹೆಂಗಸು ಉತ್ತರಿಸಲು ನಾಚುವ ಈ ಕಾಲಂಗಳನ್ನು ತೆಗೆಯಿರಿ ಎಂದೂ ಹೇಳಿತು.

ಕಾಲಂ ತೆಗೆಯಿರಿ. ಈ ಎರಡು ಪದ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದು ಹಲ್ಲುಜ್ಜುವಾಗ ಹೊಳೆಯಿತು: ಕಾಗದದಿಂದ ತೆಗೆದ ಕಾಲಂ ಎಲ್ಲಿಗೂ ಹೋಗುವುದಿಲ್ಲ, ಬಾಯಿಗೆ ಬರುತ್ತದೆ. ಅಂದಿನಿಂದ ನಮ್ಮ ಕಾರ್ಖಾನೆಯ ಅರ್ಜಿ ಫಾರಮ್ಮಿನಷ್ಟು ಚೊಕ್ಕಟವಾದದ್ದು ಇಡೀ ಪೀಣ್ಯದಲ್ಲಿ ಇರಲಿಲ್ಲ. ಹೆಸರು, ವಿಳಾಸ, ವಿದ್ಯಾರ್ಹತೆ, ಅಷ್ಟೇ. ಲೇಬರ್ ಇನ್‌ಸ್ಪೆಕ್ಟರು ನೋಡಿ, ಮಾದರಿ ಫಾರಂ ಕಣ್ರಿ ಇದು, ನಾಲ್ಕು ಕಾಪಿ ಕೊಡಿ ಎಂದು ತೆಗೆದುಕೊಂಡು ಹೋದರು.

ಬಾಯಿಯ ಫಾರಂ ಹೇಗೆ ತುಂಬಿಸಿಕೊಳ್ಳಬೇಕು ಎಂಬುದಕ್ಕೆ ಒಂದು ನಮೂನೆ. ಕಾರ್ಖಾನೆ ಕಾಯ್ದೆಯಲ್ಲಿ ಮೂವತ್ತಕ್ಕಿಂತ ಹೆಚ್ಚು ಹೆಂಗಸರಿದ್ದರೆ ಮಕ್ಕಳನ್ನು ನೋಡಿಕೊಳ್ಳಲು ಒಂದು ಕೋಣೆ, ಒಬ್ಬ ತರಬೇತಾದ ಆಯಾ ಇರಬೇಕಿತ್ತು. ನಮ್ಮಲ್ಲಿ ಅಸೆಂಬ್ಲಿ ಲೈನಿನಲ್ಲಿ ಮೂವತ್ತು ಹೆಂಗಸರಿದ್ದರು. ಹದಿನಾಲ್ಕು ವರ್ಷದಿಂದ ಮೂವತ್ತೇ ಇದ್ದರು. ಒಂದು ದಿನ ತಿಪಟೂರಿನ ಕಡೆಯ ಹುಡುಗಿಯೊಬ್ಬಳು ಬಂದಳು. ಐಟಿಐ ಎಲೆಕ್ಟ್ರಾನಿಕ್ಸ್, ಒಳ್ಳೆಯ ಅಂಕ. ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಮೇಲೊಂದು ರಬ್ಬರ್ ಬ್ಯಾಂಡ್ ಬಿಗಿದಿದ್ದಳು.

“ಕೂತ್ಕೊಳಮ್ಮ. ತಿಂಡಿ ಆಯ್ತಾ?”

“ಆಯ್ತು ಸಾರ್.”

“ಎಲ್ಲಿ ಮನೆ? ದೂರ ಆಗಲ್ವಾ?”

“ದಾಸರಹಳ್ಳಿ ಸಾರ್. ಒಂದೇ ಬಸ್ಸು.”

“ಅಲ್ಲಿ ಯಾರ ಜೊತೆ ಇದೀಯ?”

ಗಮನಿಸಿ. ಮದುವೆ ಆಗಿದೆಯೇ ಎಂದು ನಾನು ಕೇಳಲಿಲ್ಲ. ಕೋರ್ಟಿನ ಮಾತು ಮೀರಿದವನಲ್ಲ ನಾನು.

“ನಮ್ಮೆಜಮಾನ್ರು, ಅತ್ತೆ, ಮಗು ಸಾರ್.”

“ಓ, ಮಗು! ಎಷ್ಟು ತಿಂಗಳು? ನೀನು ಇಲ್ಲಿಗೆ ಬಂದ್ರೆ ಯಾರು ನೋಡ್ಕೋತಾರಮ್ಮ?”

“ಅತ್ತೆ ನೋಡ್ಕೋತಾರೆ ಸಾರ್.”

“ಅವರಿಗೂ ವಯಸ್ಸಾಯ್ತಲ್ಲಮ್ಮ, ಪಾಪ.”

ಅವಳು ರಬ್ಬರ್ ಬ್ಯಾಂಡನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಆಮೇಲೆ, “ಸಾರ್, ಸೋಲ್ಡರಿಂಗ್ ಮಾಡಿ ತೋರಿಸ್ಲಾ?” ಎಂದಳು. ಬೇಡಮ್ಮ, ತಿಳಿಸ್ತೀವಿ ಅಂದೆ. ಕವರಿಗೆ ಮತ್ತೆ ಬ್ಯಾಂಡ್ ಹಾಕಲು ಹೋದಾಗ ಅದು ಕಿತ್ತುಬಂತು. ನಾನೇ ಡ್ರಾಯರಿನಿಂದ ಹೊಸದೊಂದು ತೆಗೆದು ಕೊಟ್ಟೆ. ಕಾಳಜಿ ಎಂದರೆ ಇದು. ಅವಳು ಬಂದಿದ್ದರೆ ಮೂವತ್ತೊಂದನೆಯವಳಾಗುತ್ತಿದ್ದಳು.

2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ತಿದ್ದಿದರು. ಹನ್ನೆರಡು ವಾರ ಇದ್ದ ರಜೆ ಇಪ್ಪತ್ತಾರು ವಾರವಾಯಿತು. ಅಷ್ಟೂ ಸಂಬಳ ಕೊಡಬೇಕಾದವರು ಮಾಲೀಕರು. ಸರ್ಕಾರ ಚಪ್ಪಾಳೆಯ ಖರ್ಚು ಮಾತ್ರ ವಹಿಸಿಕೊಂಡಿತು. ಹೆಂಗಸರಿಗಾಗಿ ಮಾಡಿದ ಈ ಕಾನೂನು ನಮ್ಮ ಕಸುಬಿಗೆ ಕೊಟ್ಟಷ್ಟು ಕೆಲಸವನ್ನು ಮತ್ತಾವುದೂ ಕೊಡಲಿಲ್ಲ: ಬಯೋಡಾಟಾದಲ್ಲಿ ಮದುವೆಯಾಗಿ ಒಂದು ವರ್ಷವಾದಂತೆ ಕಂಡರೆ ಪಕ್ಕಕ್ಕಿಡುವುದಕ್ಕೇ ಒಂದು ಟ್ರೇ ತರಿಸಬೇಕಾಯಿತು. ಐವತ್ತು ಜನ ಕೆಲಸಗಾರರಿದ್ದರೆ ಮಕ್ಕಳ ಕೋಣೆ ಕಡ್ಡಾಯ ಎಂದೂ ಅದು ಹೇಳಿತು. ಗಂಡು ಹೆಣ್ಣು ಎಲ್ಲ ಸೇರಿ ಐವತ್ತು! ನನ್ನ ಹದಿನಾಲ್ಕು ವರ್ಷದ ಮೂವತ್ತು ನೀರಲ್ಲಿ ಹೋಮವಾಯಿತು. ನಾವು ನೂರ ಮೂವತ್ತೈದು ಜನ ಇದ್ದೆವು. ಒಂದು ವಾರ ಯೋಚಿಸಿ ಕಾರ್ಖಾನೆಯನ್ನು ಮೂರು ಕಂಪನಿ ಮಾಡಿದೆ, ತಲಾ ನಲವತ್ತೈದು. ಒಂದೇ ಗೇಟು, ಒಂದೇ ಕ್ಯಾಂಟೀನು, ಒಂದೇ ನಾಯಿ, ಮೂರು ಬೋರ್ಡು. ನಾಯಿಗೆ ಮಾತ್ರ ತಾನು ಯಾವ ಕಂಪನಿಯದೆಂದು ಕಡೆಗೂ ತಿಳಿಯಲಿಲ್ಲ.

ಲೈಂಗಿಕ ಕಿರುಕುಳದ ಕಾನೂನಿನ ಹಿನ್ನೆಲೆ ನಿಮಗೆ ಗೊತ್ತಿರುತ್ತದೆ. ಬಾಲ್ಯವಿವಾಹ ತಡೆಯಲು ಹೋದ ರಾಜಸ್ಥಾನದ ಭಂವರಿ ದೇವಿಗೆ ಆದದ್ದರ ಮೇಲೆ 1997ರಲ್ಲಿ ವಿಶಾಖಾ ತೀರ್ಪು ಬಂತು. ಅದರ ವಿವರಕ್ಕೆ ನಾನು ಹೋಗುವುದಿಲ್ಲ. ಕಾಳಜಿ ಎಂಬ ಪದ ಅಲ್ಲಿ ಬಾಯಿಗೆ ಬರುವುದಿಲ್ಲ. ಕೋರ್ಟು ಹೇಳಿದ್ದನ್ನು ಸಂಸತ್ತು ಕಾನೂನು ಮಾಡಲು ಹದಿನಾರು ವರ್ಷ ತೆಗೆದುಕೊಂಡಿತು, 2013. ಹತ್ತು ಜನರಿರುವ ಕಡೆಯೆಲ್ಲ ಆಂತರಿಕ ಸಮಿತಿ ಬೇಕು, ಹೊರಗಿನ ಸದಸ್ಯರೊಬ್ಬರು ಬೇಕು, ಎದ್ದು ಕಾಣುವ ಜಾಗದಲ್ಲಿ ಬೋರ್ಡು ಬೇಕು. ನಮ್ಮಲ್ಲಿ ಎಲ್ಲವೂ ಇತ್ತು. ಹೊರಗಿನ ಸದಸ್ಯೆ ಎಂ.ಡಿ.ಯವರ ಅತ್ತಿಗೆ; ಅವರಿರುವುದು ಮಲ್ಲೇಶ್ವರದಲ್ಲಿ, ಹೊರಗೇ. ಬೋರ್ಡು ಎಂ.ಡಿ. ಕ್ಯಾಬಿನ್ನಿನ ಎದುರು, ಅವರಿಗೆ ಎದ್ದು ಕಾಣುತ್ತಿತ್ತು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕೆಂಬ ನಿಯಮವನ್ನು ನಾನು ವಿಶೇಷವಾಗಿ ಗೌರವಿಸುತ್ತಿದ್ದೆ. ಯಾರಾದರೂ ಕಣ್ಣೊರೆಸಿಕೊಂಡು ಬಂದರೆ, ಕೂರಿಸಿ ನೀರು ಕೊಟ್ಟು, “ಈಗ್ಲೇ ಬರೆಯೋದು ಬೇಡಮ್ಮ, ಗೌರಿ ಹಬ್ಬ ಕಳೀಲಿ” ಎನ್ನುತ್ತಿದ್ದೆ. ಆಮೇಲೆ ಆಯುಧಪೂಜೆ ಕಳೆಯಬೇಕು. ಆಮೇಲೆ ದೀಪಾವಳಿ ಬೋನಸ್ ಆಗಬೇಕು. ನಮ್ಮ ಪಂಚಾಂಗದಲ್ಲಿ ಮೂರು ತಿಂಗಳು ಸಲೀಸಾಗಿ ಹೋಗುತ್ತದೆ. ಕಾರಣವಿದ್ದರೆ ಇನ್ನೂ ಮೂರು ತಿಂಗಳು ಅವಧಿ ವಿಸ್ತರಿಸಬಹುದೆಂಬ ಸಾಲೂ ಕಾನೂನಿನಲ್ಲಿದೆ. ಬೋರ್ಡಿನಲ್ಲಿ ಆ ಸಾಲು ಮೊಳೆ ಹೊಡೆದ ಜಾಗಕ್ಕೆ ಬಂದಿತ್ತು.

‘ನನಗೇನೂ ಅಭ್ಯಂತರವಿಲ್ಲ, ಕೆಳಗಿನವರು ಒಪ್ಪಲ್ಲ’ ಎಂಬುದು ನಮ್ಮ ಶಾಸ್ತ್ರದ ಗಾಯತ್ರಿ. ದೆಹಲಿಯವರೂ ಅದನ್ನು ಜಪಿಸಿದ್ದಾರೆಂದು 2020ರಲ್ಲಿ ಗೊತ್ತಾಗಿ ಹೆಮ್ಮೆಯಾಯಿತು. ಸೇನೆಯಲ್ಲಿ ಮಹಿಳಾ ಅಧಿಕಾರಿಗಳಿಗೆ ಕಾಯಂ ಹುದ್ದೆ ಕೊಡುವ ಪ್ರಕರಣದಲ್ಲಿ ಕೇಂದ್ರ ಸರ್ಕಾರ, ಹಳ್ಳಿಗಾಡಿನಿಂದ ಬಂದ ಸಿಪಾಯಿಗಳು ಹೆಂಗಸಿನ ಆಜ್ಞೆ ಪಾಲಿಸಲು ಮಾನಸಿಕವಾಗಿ ತಯಾರಿಲ್ಲ ಎಂದಿತ್ತು. ನಮ್ಮ ಹಳ್ಳಿಗಳಲ್ಲಿ ಅಜ್ಜಿಯ ಮಾತಿಗೆ ಎದುರಾಡಿದ ಗಂಡಸು ಸಿಗುವುದು ಕಷ್ಟ. ಆದರೂ ವಾದ ಚೆನ್ನಾಗಿತ್ತು. ಕೋರ್ಟು ತಳ್ಳಿಹಾಕಿತು. ಅದೇ ವರ್ಷ ಸೇನೆ ಕಾಯಂ ಮಾಡಲು ದೇಹಾರೋಗ್ಯದ ಅಳತೆ ಇಟ್ಟಿತು: ಗಂಡಸರು ಎಳೆವಯಸ್ಸಿನಲ್ಲೇ ದಾಟಿಬಿಟ್ಟಿದ್ದ ಅಳತೆಯನ್ನು ಹತ್ತಿಪ್ಪತ್ತು ವರ್ಷ ಕಾಯಿಸಿದ ಹೆಂಗಸರು ನಲವತ್ತು ದಾಟಿದ ಮೇಲೆ ದಾಟಬೇಕು. ಟೇಪು ಒಂದೇ, ಅಳೆಯುವ ದಿನ ಬೇರೆ. ಎಲ್ಲರಿಗೂ ಒಂದೇ ನಿಯಮ ಎಂದು ಹೇಳಿಕೊಂಡೇ ಭೇದ ಮಾಡುವ ಈ ಬಗೆಯನ್ನು ಸುಪ್ರೀಂ ಕೋರ್ಟು 2021ರಲ್ಲಿ ‘ಪರೋಕ್ಷ ತಾರತಮ್ಯ’ ಎಂದು ಹೆಸರಿಟ್ಟು ಹಿಡಿದುಹಾಕಿತು. ನಮ್ಮ ವೃತ್ತಿಯ ಗುಟ್ಟೊಂದು ಹೀಗೆ ಬಯಲಾದದ್ದು ಖೇದದ ಸಂಗತಿ.

ಜಾತಿಯ ಬಗ್ಗೆ ನಾನು ಹೆಚ್ಚು ಹೇಳಬೇಕಿಲ್ಲ. ಆ ಕಾಲಂ ನಮ್ಮ ಫಾರಮ್ಮಿನಲ್ಲಿ ಯಾವತ್ತೂ ಇರಲಿಲ್ಲ, ಅಗತ್ಯವೂ ಇರಲಿಲ್ಲ. “ನಿಮ್ಮ ಮನೆದೇವರು ಯಾವುದು?” ಎಂದು ಭಕ್ತಿಯಿಂದ ಕೇಳಿದರೆ ಮುಗಿಯಿತು. ಅದಕ್ಕೂ ಜಗ್ಗದವರನ್ನು ಮಧ್ಯಾಹ್ನ ಡಬ್ಬಿ ಬಿಚ್ಚುವ ತನಕ ಕೂರಿಸಿಕೊಳ್ಳಬೇಕು. ನಮ್ಮ ಹುಡುಗರು ಲ್ಯಾಪ್‌ಟಾಪಿನ ಜೊತೆ ಈ ವಿದ್ಯೆಯನ್ನೂ ಹೊತ್ತುಕೊಂಡು ಕಡಲು ದಾಟಿದ್ದಾರೆ. ಸಹೋದ್ಯೋಗಿಯ ಬೆನ್ನು ತಟ್ಟುವ ನೆಪದಲ್ಲಿ ಅಂಗಿಯೊಳಗೆ ದಾರವಿದೆಯೇ ಎಂದು ಬೆರಳಾಡಿಸುವುದು ಅಲ್ಲಿನವರಿಗೆ ಮೊದಮೊದಲು ಸ್ನೇಹವೆಂದೇ ತೋರಿತ್ತು. 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ಹೆಸರು ಹಿಡಿದು ನಿಷೇಧಿಸಿತು; ಅಮೆರಿಕದಲ್ಲಿ ಅದೇ ಮೊದಲು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸಕರು ಪಾಸು ಮಾಡಿದ ಅಂಥದೇ ಮಸೂದೆಗೆ ಗವರ್ನರು, ಇರುವ ಕಾನೂನೇ ಸಾಕು ಎಂದು ಸಹಿ ಹಾಕದೆ ವಾಪಸು ಕಳಿಸಿದರು. ಇರುವ ಕಾನೂನೇ ಸಾಕು! ಆ ಮನುಷ್ಯ ಪೀಣ್ಯದಲ್ಲಿ ಹುಟ್ಟಬೇಕಿತ್ತು.

ಖಾಸಗಿಯವರನ್ನೂ ಸೇರಿಸಿ ಎಲ್ಲ ಬಗೆಯ ತಾರತಮ್ಯಕ್ಕೂ ಒಂದೇ ಕಾನೂನು ತರಬೇಕೆಂದು ಶಶಿ ತರೂರ್ 2017ರಲ್ಲಿ ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದ್ದರು. ನಾನು ಗಾಬರಿಯಾಗಲಿಲ್ಲ. ನಮ್ಮ ಸಂಸತ್ತು ಖಾಸಗಿ ಮಸೂದೆಯೊಂದನ್ನು ಕಡೆಯ ಸಲ ಪಾಸು ಮಾಡಿದ್ದು 1970ರಲ್ಲಿ. ಆಗ ನಾನು ಮಿಡ್ಲ್ ಸ್ಕೂಲಿನಲ್ಲಿದ್ದೆ.

ನಿವೃತ್ತಿಯಾದ ಮೇಲೆ ಸುಮ್ಮನೆ ಕೂತರೆ ವಿದ್ಯೆ ತುಕ್ಕು ಹಿಡಿಯುತ್ತದೆಂದು ಈಚೆಗೆ ಸಲಹೆಗಾರನ ಕೆಲಸಕ್ಕೆ ಅರ್ಜಿ ಹಾಕಿದೆ. ವೈಟ್‌ಫೀಲ್ಡಿನ ಕಡೆಯ ಒಂದು ಹೊಸ ಕಂಪನಿ. ಅರ್ಜಿ ಮೊಬೈಲಿನಲ್ಲೇ. ಬಲು ಚೊಕ್ಕಟ ಫಾರಂ: ವಯಸ್ಸು ಕೇಳಿಲ್ಲ, ಹುಟ್ಟಿದ ತಾರೀಖು ಕೇಳಿಲ್ಲ. ನಿಮ್ಮ ವಯಸ್ಸು, ಜಾತಿ, ಲಿಂಗ ನಮಗೆ ಮುಖ್ಯವಲ್ಲ ಎಂದು ಮೇಲೆ ಬಣ್ಣದ ಅಕ್ಷರದಲ್ಲಿ ಬರೆದಿತ್ತು. ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ಎಂಬಲ್ಲಿ ಮಾತ್ರ ಪಟ್ಟಿಯಿಂದ ಆರಿಸಬೇಕಿತ್ತು. ಬೆರಳಿನಿಂದ ಎಳೆಯುತ್ತ ಹೋದೆ. 2010, 2000, 1995. ಪಟ್ಟಿ 1990ಕ್ಕೆ ನಿಂತಿತು. ನಾನು 1974ರವನು. ಎಷ್ಟು ಎಳೆದರೂ ಮೇಲಕ್ಕೆ ಪುಟಿದು 1990ಕ್ಕೇ ಬರುತ್ತಿತ್ತು. ಯಾರನ್ನೂ ಬೇಡ ಎಂದಿಲ್ಲ, ಯಾರ ಅರ್ಜಿಯನ್ನೂ ತಿರಸ್ಕರಿಸಿಲ್ಲ, ಕೋರ್ಟಿಗೆ ಹೋಗಲು ಒಂದು ಚೂರು ಕಾಗದವಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ನೋಡಿದೆ. ಮೂವತ್ತೊಂದು ವರ್ಷದಲ್ಲಿ ನನಗೆ ಹೊಳೆಯದೇ ಹೋದ ಕಾಲಂ ಅದು.

ಕೆಳಗಿದ್ದ ನಂಬರಿಗೆ ಫೋನ್ ಮಾಡಿದೆ. ಎಚ್‌ಆರ್‌ನ ಹುಡುಗಿ ಎತ್ತಿದಳು. ಮಾತು ಬಹಳ ನಯ. ಅನುಭವ ಕೇಳಿ, “ವಾವ್” ಎಂದಳು.

“ಎಲ್ಲಿಂದ ಬರ್ತೀರ ಅಂಕಲ್? ದೂರ ಆಗಲ್ವಾ?”

“ರಾಜಾಜಿನಗರ ಅಮ್ಮ. ಮೆಟ್ರೋ ಇದೆ.”

“ಮನೇಲಿ ಯಾರ್ಯಾರಿದೀರ?”

ಹೇಳಿದೆ.

“ಮಕ್ಕಳು ಚೆನ್ನಾಗಿ ನೋಡ್ಕೋತಾರಲ್ವಾ ಅಂಕಲ್?”

ದನಿಯಲ್ಲಿ ಕಾಳಜಿ ಹದವಾಗಿತ್ತು. ತಿಳಿಸ್ತೀವಿ ಅಂದಳು.